ಹಳೇ ನಾಣ್ಯ ಕೊಳ್ಳುವವರು ವ್ಯಾಪಾರಿಯಿಂದ ಏನು ಬಯಸುತ್ತಾರೆ?

ನಮ್ಮ ಅಬ್ಬಾ ಜಾತ್ರೆಗಳಲ್ಲಿ ಬಳೆ ಅಂಗಡಿ ಹಾಕುತ್ತಾರೆ. ಕೊಟ್ಟೂರಿನ ಗುರು ಬಸವೇಶ್ವರರ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕ, ಹರಪನಹಳ್ಳಿ ಕಡೆ ಉಚ್ಚಂಗಿದುರ್ಗ, ಹೀಗೆ ವರ್ಷವಿಡೀ ತಿರುಗಾಟ. ಪರೀಕ್ಷೆ ಹತ್ತಿರ ಬಂದಿದ್ದರೂ ತೇರಿನ ದಿನ ನಾನು ಅಂಗಡಿಯಲ್ಲಿ ಕೂರಲೇಬೇಕು. ಕೊಟ್ಟೂರಿನಲ್ಲಿ ಮೂರು ವರ್ಷದಿಂದ ನಮ್ಮ ಪಕ್ಕದಲ್ಲೇ ಒಬ್ಬರು ಹಳೇ ನಾಣ್ಯ, ನೋಟು ಹರಡಿಕೊಂಡು ಕೂರುತ್ತಾರೆ. ಅವರನ್ನು ನಾನು ಕಾಕಾ ಎನ್ನುತ್ತೇನೆ. ವ್ಯವಹಾರ ಅಧ್ಯಯನದ ಯೋಜನಾ ಕಾರ್ಯಕ್ಕೆ ವಿಷಯ ಹುಡುಕುತ್ತಿದ್ದಾಗ ಅವರ ಅಂಗಡಿಯೇ ನೆನಪಾಯಿತು. ಅಲ್ಲಿಗೆ ಬರುವ ಸಂಗ್ರಾಹಕರಲ್ಲಿ ನಾಲ್ವರನ್ನು ಮಾತಾಡಿಸಿದೆ. ಹರಪನಹಳ್ಳಿಯ ನಿವೃತ್ತ ಮೇಷ್ಟ್ರು, ಹಗರಿಬೊಮ್ಮನಹಳ್ಳಿಯ ವಿಮೆ ಏಜೆಂಟ್, ಕೂಡ್ಲಿಗಿಯಲ್ಲಿ ಮೆಡಿಕಲ್ ಶಾಪ್ ಇಟ್ಟವರು ಮತ್ತು ಹಡಗಲಿಯ ಒಬ್ಬ ಬಸ್ ಕಂಡಕ್ಟರ್. ಕಂಡಕ್ಟರ್ ಅಣ್ಣನಿಗೆ ಚಿಲ್ಲರೆಯಲ್ಲೇ ಅರ್ಧ ಸಂಗ್ರಹ ಸಿಕ್ಕಿದೆಯಂತೆ, ಅದೃಷ್ಟ!

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಎಂಟನೇ ತರಗತಿಯಲ್ಲಿದ್ದಾಗ ಈದಿ ದುಡ್ಡಿನಲ್ಲಿ ನೂರೈವತ್ತು ರೂಪಾಯಿ ಕೊಟ್ಟು ಬೇರೊಂದು ಊರಿನ ಜಾತ್ರೆಯಲ್ಲಿ ತಾಮ್ರದ ನಾಣ್ಯ ಕೊಂಡಿದ್ದೆ. ಒಂದು ಕಡೆ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿಯ ಹೆಸರು, 1818 ಎಂಬ ಇಸವಿ. ಮಾರಿದವನು ಇದರಲ್ಲಿ ಮ್ಯಾಗ್ನೆಟ್ ಪವರ್ ಇದೆ, ಅಕ್ಕಿ ಎಳೆಯುತ್ತದೆ ಎಂದಿದ್ದ. ಮನೆಗೆ ಬಂದು ಅಮ್ಮಿಯ ಅಕ್ಕಿ ಡಬ್ಬಿಯಲ್ಲಿಟ್ಟು ಒಂದು ಗಂಟೆ ಕಾದೆ. ಒಂದು ಕಾಳೂ ಅಲ್ಲಾಡಲಿಲ್ಲ. ಇಂಥ ನಾಣ್ಯವನ್ನು ಕಂಪನಿ ಎಂದೂ ಚಲಾವಣೆಗೆ ಬಿಟ್ಟೇ ಇಲ್ಲ ಎಂದು ಆಮೇಲೆ ಕಾಕಾ ಹೇಳಿದರು. ಮದ್ರಾಸಿನಲ್ಲಿ ಕಂಪನಿಯವರು ವಿಷ್ಣುವಿನ ರೂಪವಿದ್ದ ಚಿನ್ನದ ಪಗೋಡ ಹಾಕಿದ್ದು ನಿಜ. ಹಾಗಾಗಿ ದೇವರ ಚಿತ್ರದ ಕಂಪನಿ ನಾಣ್ಯ ಎಂದರೆ ಜನ ಸುಲಭವಾಗಿ ನಂಬುತ್ತಾರೆ. ಆ ಖೋಟಾ ನಾಣ್ಯ ಈಗಲೂ ನನ್ನ ಕಂಪಾಸ್ ಬಾಕ್ಸಿನಲ್ಲಿದೆ.

ಖೋಟಾ ಎಂದೆನಲ್ಲ, ಅದು ನಮ್ಮ ಮನೆಯ ಮಾತು. ಅಸಲು, ಬಾಕಿ, ಜಮಾ, ಖರ್ಚು, ರವಾನೆ, ದಲ್ಲಾಳಿ ಎಲ್ಲವೂ ಹಾಗೇ. ಅಕೌಂಟೆನ್ಸಿ ತರಗತಿಯಲ್ಲಿ ಕನ್ನಡದ ಲೆಕ್ಕದ ಪದ ಬಂದಾಗಲೆಲ್ಲ ಅರ್ಧ ನನಗೆ ಮೊದಲೇ ಗೊತ್ತಿರುತ್ತದೆ.

ನಾಲ್ವರಿಗೂ ನಾನು ಕೇಳಿದ ಪ್ರಶ್ನೆ ಒಂದೇ: ವ್ಯಾಪಾರಿಯಿಂದ ನಿಮಗೆ ಬೇಕಾದದ್ದೇನು? ಕಡಿಮೆ ಬೆಲೆ ಎನ್ನುತ್ತಾರೆಂದು ಊಹಿಸಿದ್ದೆ. ಒಬ್ಬರೂ ಅದನ್ನು ಮೊದಲಿಗೆ ಹೇಳಲಿಲ್ಲ. ಮೆಡಿಕಲ್ ಶಾಪಿನವರು ಹೇಳಿದ್ದು ಹೀಗೆ: "ನಕಲಿ ಇದ್ರ ನಕಲಿ ಅನ್ನಲಿ. ಗೊತ್ತಿಲ್ದಿದ್ರ ಗೊತ್ತಿಲ್ಲ ಅನ್ನಲಿ. ರೇಟಿನ ಮಾತು ಆಮೇಲೆ." ಹಂಪಿಯ ನೆನಪಿಗೆಂದು ವಿಜಯನಗರದ ವರಾಹದ ಪ್ರತಿರೂಪಗಳನ್ನು ಮಾರುವುದು ಅವರ ಪ್ರಕಾರ ತಪ್ಪಲ್ಲ, ಪ್ರತಿರೂಪ ಎಂದು ಬರೆದಿಟ್ಟರೆ ಸಾಕು. ನಿಜವಾದ ವರಾಹ ಸುಮಾರು 3.4 ಗ್ರಾಂ ತೂಗುವ ಚಿನ್ನದ ನಾಣ್ಯ. ಆದ್ದರಿಂದ ಕೊಳ್ಳುವವರ ಎರಡನೇ ಬೇಡಿಕೆ ತಕ್ಕಡಿ. ಅಂಗಡಿಯಲ್ಲಿ ಸಣ್ಣ ತೂಕದ ಮಷಿನ್ ಇಟ್ಟವರನ್ನು ಅವರು ಅರ್ಧ ನಂಬುತ್ತಾರೆ. ತೂಗಲು ಬಿಡದವರ ಮುಂದೆ ನಿಲ್ಲುವುದೇ ಇಲ್ಲ.

ಇದರ ಹಿಂದೆ ಅರ್ಥಶಾಸ್ತ್ರವೂ ಇದೆ. ಜಾರ್ಜ್ ಅಕರ್‌ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆ ಬಗ್ಗೆ ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ದೋಷ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆ ಕೇಳುತ್ತಾನೆ. ಆಗ ಒಳ್ಳೇ ಕಾರಿನವರು ಮಾರುಕಟ್ಟೆಗೆ ಬರುವುದನ್ನೇ ಬಿಡುತ್ತಾರೆ. 2001ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡ್‌ಗಳಿಗೆ ದೊಡ್ಡ ಸಂತೆಗಳೇ ನಡೆಯುತ್ತವೆ. ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಒಂದು ಕಾರ್ಡ್ 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯ ಸಂಸ್ಥೆ ಪರೀಕ್ಷಿಸಿ ಅಂಕ ಕೊಟ್ಟು ಡಬ್ಬಿಯಲ್ಲಿ ಸೀಲ್ ಮಾಡಿತ್ತು. ನಮ್ಮ ಜಾತ್ರೆಯಲ್ಲಿ ಅಂಥ ಮೂರನೆಯವರಿಲ್ಲ. ಇರುವುದು ವ್ಯಾಪಾರಿಯ ಬಾಯಿಮಾತು ಮತ್ತು ಮುಂದಿನ ವರ್ಷವೂ ಅದೇ ಜಾಗದಲ್ಲಿ ಸಿಗುತ್ತಾನೆಂಬ ಭರವಸೆ. ಬೆಂಗಳೂರಿನ ದೊಡ್ಡ ನಾಣ್ಯ ಪ್ರದರ್ಶನಗಳಿಗೆ ಹೋಗಿ ಬಂದಿರುವ ಏಜೆಂಟರು, "ಅಲ್ಲಿ ರಸೀದಿ ಕೊಡ್ತಾರ, ಇಲ್ಲಿ ಮುಖ ನೋಡಿ ನಂಬಬೇಕು" ಎಂದರು.

ರಸೀದಿಗೆ ಇನ್ನೊಂದು ಕಾರಣವೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರ ಮಾಡಲು ಪರವಾನಗಿ ಬೇಕು. ಕಾಕಾ ತಮ್ಮ ಪರವಾನಗಿಯ ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾರೆ. ಹೊಲ ಉಳುವಾಗ ನಿಧಿ ಸಿಕ್ಕರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನು ಬಂದಿದೆ. ನಮ್ಮ ಜಿಲ್ಲೆ ಹಂಪಿಯ ಜಿಲ್ಲೆ. ನಿಧಿ ಆಸೆಗೆ ಹಳೇ ಗುಡಿಗಳನ್ನು ಅಗೆಯುವವರ ಸುದ್ದಿ ಪೇಪರಿನಲ್ಲಿ ಓದಿದ್ದೇವೆ. ಮೇಷ್ಟ್ರು ಪ್ರತಿ ನಾಣ್ಯಕ್ಕೂ "ಎಲ್ಲಿಂದ ಬಂತು?" ಎಂದು ಕೇಳುತ್ತಾರೆ. ಮಣ್ಣು ಹತ್ತಿದ ನಾಣ್ಯಗಳ ಗಂಟು ತಂದವರನ್ನು ಕಾಕಾ ವಾಪಸ್ ಕಳಿಸಿದ್ದನ್ನು ನಾನೇ ಒಮ್ಮೆ ನೋಡಿದ್ದೇನೆ.

ಇನ್ನು ಬೆಲೆ. ಇಲ್ಲಿ ನಮ್ಮ ಮನೆಯ ವಿಷಯವೇ ಇದೆ. ದಾದಿಯ ಬಳಿ ಮೆಹರ್‌ನಲ್ಲಿ ಬಂದ ಐದು ಬೆಳ್ಳಿ ರೂಪಾಯಿಗಳಿವೆ. ಕಳೆದ ವರ್ಷ ಅಕ್ಕನ ನರ್ಸಿಂಗ್ ಫೀಸಿಗೆ ಎರಡು ಮಾರೋಣವೆಂದು ಅಬ್ಬಾ ಒಂದು ಅಂಗಡಿಗೆ ಒಯ್ದರು. ಅವರು ತೂಗಿ, ಬೆಳ್ಳಿ ಲೆಕ್ಕದಲ್ಲಿ ಒಂದು ಮೊತ್ತ ಹೇಳಿ, ಅದರಲ್ಲೂ "ಸವಕಲು" ಎಂದು ಮುರಿದುಕೊಂಡರು. ಅಬ್ಬಾ ಮಾರದೆ ಬಂದರು. ನಾನು ಕಾಕಾ ಬಳಿ ಲೆಕ್ಕ ಕಲಿತೆ. ಐದನೇ ಜಾರ್ಜ್ ದೊರೆಯ ರೂಪಾಯಿ 11.66 ಗ್ರಾಂ, ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ. 1940ರ ನಂತರದವುಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ರೂಪಾಯಿ ಬರೀ ನಿಕ್ಕಲ್. ಇದು ಲೋಹದ ಬೆಲೆ, ಇದಕ್ಕಿಂತ ಕೆಳಗೆ ಇಳಿಯಬಾರದು. ಅದರ ಮೇಲೆ ಅಪರೂಪದ ಬೆಲೆ ಬೇರೆ. 1918ರ ರೂಪಾಯಿ ಬೇಕಾದಷ್ಟು ಸಿಗುತ್ತದೆ, 1939ರದ್ದು ಸಿಗುವುದು ಕಷ್ಟ. 1911ರ ರೂಪಾಯಿಯಲ್ಲಿ ದೊರೆಯ ಉಡುಪಿನ ಮೇಲಿದ್ದ ಆನೆ ಹಂದಿಯಂತೆ ಕಂಡಿತೆಂದು ಜನ ಸಿಟ್ಟಾದರು. ಸರ್ಕಾರ ಅದನ್ನು ಹಿಂತೆಗೆದುಕೊಂಡು, ಮರುವರ್ಷ ಆನೆಯನ್ನು ತಿದ್ದಿ ಬೇರೆ ಅಚ್ಚು ಹಾಕಿಸಿತು. ಹೀಗಾಗಿ 1911ರದ್ದಕ್ಕೆ ಗಿರಾಕಿ ಹೆಚ್ಚು.

ದಾದಿಯ ಐದರಲ್ಲಿ ನಾಲ್ಕು ಐದನೇ ಜಾರ್ಜರವು, ಒಂದು ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿ. ದಾದಿಯ ತವರು ಹೊಳೆಯಾಚೆ ಕೊಪ್ಪಳದ ಕಡೆ. ಆಗ ಅದು ನಿಜಾಮರ ಸೀಮೆ, ನಮ್ಮ ಊರುಗಳು ಮದ್ರಾಸಿನವು. ಚಾರ್‌ಮಿನಾರಿನ ಬಾಗಿಲಲ್ಲಿ 'ಐನ್' ಅಕ್ಷರವಿದ್ದರೆ ಅದು ಉಸ್ಮಾನ್ ಅಲಿ ಖಾನರ ಕಾಲದ್ದು. ಇಸವಿ ಹಿಜರಿ 1337. ಅದರಲ್ಲಿ ನೂರಕ್ಕೆ ಮೂರರಂತೆ ಕಳೆದು 622 ಕೂಡಿಸಿದರೆ 1918-19 ಬರುತ್ತದೆ. ನಾನು ಸಂಭ್ರಮದಿಂದ ಇದನ್ನೆಲ್ಲ ಮೇಷ್ಟ್ರಿಗೆ ತೋರಿಸಿದರೆ ಅವರು ನಾಣ್ಯವನ್ನು ಅಂಚಿನಲ್ಲಿ ಹಿಡಿದು ನೋಡಿ, "ಯಾರಪ್ಪಾ ಇದನ್ನ ತಿಕ್ಕಿದ್ದು?" ಎಂದರು. ದಾದಿ ಪ್ರತಿ ರಮ್‌ಜಾನಿಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಫಳಫಳ ಮಾಡಿಡುತ್ತಾರೆ! ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಇಳಿಸುತ್ತಾರೆ. ಕಪ್ಪಾಗಿರುವುದೇ ಅದರ ವಯಸ್ಸಿನ ಗುರುತು. ತೊಳೆದು ಹೊಳಪು ಕೊಟ್ಟು ಮಾರುವ ವ್ಯಾಪಾರಿಗಳ ಮೇಲೆ ನಾಲ್ವರಿಗೂ ಇರುವ ಸಿಟ್ಟು ಅಷ್ಟಿಷ್ಟಲ್ಲ. ದಾದಿಗೆ ಹೇಳಿದೆ. "ಮಾರುವವರಿಗೆ ಆ ಚಿಂತೆ, ನನ್ನ ಮೆಹರ್ ನಾನು ತಿಕ್ಕುತ್ತೇನೆ" ಎಂದರು. ಅಕ್ಕನ ಫೀಸನ್ನು ಅಬ್ಬಾ ಸಾಲ ತಂದು ಕಟ್ಟಿದರು. ಐದೂ ಡಬ್ಬಿಯಲ್ಲೇ ಇವೆ.

ವ್ಯಾಪಾರಿಯ ಲೆಕ್ಕವನ್ನೂ ಹೇಳಬೇಕು. ನಾನೂ ಜಾತ್ರೆ ಅಂಗಡಿಯವನ ಮಗ. ನಾನ್ನೂರಕ್ಕೆ ಕೊಂಡು ಆರುನೂರಕ್ಕೆ ಮಾರಿದರೆ ಜನ ಇನ್ನೂರು ಲಾಭ ಎನ್ನುತ್ತಾರೆ. ಜಾಗದ ಬಾಡಿಗೆ, ಬಸ್ ಚಾರ್ಜ್, ರಾತ್ರಿ ಕಾವಲು ಯಾರೂ ಎಣಿಸುವುದಿಲ್ಲ. ನಮ್ಮ ಬಳೆ ತಿಂಗಳಲ್ಲಿ ಖಾಲಿಯಾಗಿ ದುಡ್ಡು ಮತ್ತೆ ಸರಕಾಗುತ್ತದೆ. ಕಾಕಾ ಹತ್ತಿರ ಮೂರು ವರ್ಷದಿಂದ ಅಲುಗಾಡದ ನಾಣ್ಯಗಳಿವೆ. ಆದರೆ ಈ ಲೆಕ್ಕ ಹೇಳಿದರೆ ಕೊಳ್ಳುವವರು ಒಪ್ಪುತ್ತಾರೆ. ಅವರಿಗೆ ಬೇಡದ್ದು, ಗಿರಾಕಿಯ ಅಂಗಿ ನೋಡಿ ಬದಲಾಗುವ ಬೆಲೆ. ಚೀಟಿಯಲ್ಲಿ ರೇಟು ಬರೆದಿಟ್ಟರೆ ಚೌಕಾಶಿಯೂ ಕಡಿಮೆಯಾಗುತ್ತದೆಂದು ಕಂಡಕ್ಟರ್ ಅಣ್ಣನ ಅನುಭವ. ಹುಡುಗರಿಗೆಂದು ಐದು, ಹತ್ತು ರೂಪಾಯಿಯ ಡಬ್ಬಿ ಇಡಬೇಕೆಂಬುದೂ ಅವರದೇ ಮಾತು. ಅದರಲ್ಲಿ ಮೂರು ಪೈಸೆ, ಇಪ್ಪತ್ತು ಪೈಸೆ, 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆ ಎಲ್ಲ ಇರುತ್ತವೆ. ನಿಮ್ಮ ಜೇಬಿನ ನಾಣ್ಯದಲ್ಲೂ ಇಸವಿಯ ಕೆಳಗೆ ನೋಡಿ: ನಕ್ಷತ್ರವಿದ್ದರೆ ಹೈದರಾಬಾದ್, ವಜ್ರದಾಕಾರವಿದ್ದರೆ ಮುಂಬೈ, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಟಂಕಸಾಲೆ.

ಫೋನಿನಲ್ಲಿ "ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಲಕ್ಷ" ಎಂದು ಬರುವುದನ್ನು ಮಾತ್ರ ನಂಬಬೇಡಿ. ಮೊದಲು ಶುಲ್ಕ ಕಟ್ಟಿ ಎನ್ನುತ್ತಾರೆ, ಕಟ್ಟಿದ ಮೇಲೆ ಫೋನ್ ಎತ್ತುವುದಿಲ್ಲ. ರಿಸರ್ವ್ ಬ್ಯಾಂಕ್ ತನ್ನ ಹೆಸರಿನಲ್ಲಿ ನಡೆಯುವ ಈ ಮೋಸದ ಬಗ್ಗೆ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ ವಿಷಯ. ಮಾರುವವನಿಗೇ ತನ್ನ ಸರಕು ಗೊತ್ತಿಲ್ಲದಿದ್ದರೆ? ಮೇಷ್ಟ್ರು ಕಾಕಾ ಬಳಿ ಕೊಂಡ ಎರಡು ಟಿಪ್ಪು ಕಾಸುಗಳನ್ನು ನನಗೆ ತೋರಿಸಿ, "ಇದನ್ನ ಓದಾಕ ಬರ್ತದೇನು ನಿನಗ?" ಎಂದರು. ಒಂದು ಕಡೆ ಆನೆ, ಇನ್ನೊಂದು ಕಡೆ ಬರಹ. ಚೀಟಿಯಲ್ಲಿ ಬರೀ "ಟಿಪ್ಪು" ಎಂದಿತ್ತು. ಮನೆಗೆ ತಂದು ದಾದಿಯ ಮುಂದಿಟ್ಟೆ. ಉರ್ದು ಓದಲು ನನಗೆ ಕಲಿಸಿದವರೇ ಅವರು. ಮೊದಲನೆಯದರಲ್ಲಿ 'ಝರ್ಬ್ ಪಟ್ಟನ್', ಅಂದರೆ ಶ್ರೀರಂಗಪಟ್ಟಣದಲ್ಲಿ ಅಚ್ಚಾದದ್ದು. ಇಸವಿ 2221 ಎಂದು ಓದಿ ದಾದಿ, "ತಪ್ಪು ಹಾಕಿದ್ದಾರೆ" ಎಂದು ನಕ್ಕರು. ತಪ್ಪಲ್ಲ. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದು 1222, ನಮ್ಮ ಲೆಕ್ಕದಲ್ಲಿ 1794ರ ಸುಮಾರು. ಎರಡನೆಯದರಲ್ಲಿ ಇಸವಿ ಅಳಿಸಿತ್ತು, ಊರಿನ ಹೆಸರು ಉಳಿದಿತ್ತು: ಫರ್ರುಖ್‌ಯಾಬ್ ಹಿಸಾರ್. 1779ರಲ್ಲಿ ಹೈದರಾಲಿ ಗೆದ್ದ ಚಿತ್ರದುರ್ಗಕ್ಕೆ ಟಿಪ್ಪುವಿನ ಟಂಕಸಾಲೆ ಇಟ್ಟ ಹೆಸರು. ಪಟ್ಟಣದ ಕಾಸುಗಳಷ್ಟು ಅವು ಸಿಗುವುದಿಲ್ಲ. ನಾವು ಬಸ್ ಹತ್ತಿ ಹೋಗಿ ಬರುವ ದುರ್ಗ!

ಈಗ ಮೇಷ್ಟ್ರು ಕಾಕಾಗೆ ಹೇಳಬೇಕೋ ಬೇಡವೋ? ಏಜೆಂಟರು ಬೇಡ ಎಂದರು, ಓದು ಕಲಿತದ್ದಕ್ಕೆ ಸಿಕ್ಕ ಲಾಭ ಅದು ಎಂಬುದು ಅವರ ವಾದ. ಮೇಷ್ಟ್ರು ಹೇಳಿಯೇಬಿಟ್ಟರು. ದುಡ್ಡು ಹೆಚ್ಚು ಕೊಡಲಿಲ್ಲ, ಕಾಕಾ ಕೇಳಲೂ ಇಲ್ಲ. ಕಾಕಾ ತಮ್ಮ ಡಬ್ಬಿಯಿಂದ ಹದಿನಾಲ್ಕು ಕಾಸು ತೆಗೆದು ನನ್ನ ಮುಂದೆ ಸುರಿದು, "ಒಂದಕ್ಕೆ ಹತ್ತು ರೂಪಾಯಿ ಕೊಡ್ತೀನಿ, ಎಲ್ಲದಕ್ಕೂ ಚೀಟಿ ಬರಿ" ಎಂದರು. ಬಳೆ ಅಂಗಡಿ ಅಬ್ಬಾಗೆ ಬಿಟ್ಟು ಮಧ್ಯಾಹ್ನದವರೆಗೂ ಕೂತೆ. ಒಂಬತ್ತನ್ನು ಓದಿದೆ. ಉಳಿದ ಐದು ತೀರಾ ಸವೆದಿದ್ದವು. ಅವಕ್ಕೂ ಟಿಪ್ಪು ಎಂದೇ ಬರೆ, ಯಾರಿಗೆ ಗೊತ್ತಾಗುತ್ತದೆ ಎಂದು ಪಕ್ಕದ ಆಟಿಕೆ ಅಂಗಡಿಯವರು ಕಣ್ಣು ಮಿಟುಕಿಸಿದರು. ನನ್ನ ಕಂಪಾಸ್ ಬಾಕ್ಸಿನ ಹನುಮಂತನ ನೆನಪಾಯಿತು. ಐದಕ್ಕೂ "ಓದಲಾಗಲಿಲ್ಲ" ಎಂದು ಬರೆದೆ. ಕಾಕಾ ಮುಖ ಸಣ್ಣದು ಮಾಡಿಕೊಂಡರೂ ಚೀಟಿ ಕಿತ್ತುಹಾಕಲಿಲ್ಲ. ತೊಂಬತ್ತು ರೂಪಾಯಿ ಎಣಿಸಿ ಕೊಟ್ಟರು. ಸಂಜೆ ತೇರು ಎಳೆಯುವ ಹೊತ್ತಿಗೆ ಮೇಷ್ಟ್ರು ಬಂದು, ಮೊದಲು ಕೈಗೆತ್ತಿಕೊಂಡದ್ದು ಆ ಐದನ್ನೇ. ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದರು.