ಫೋನಿಗೆ ಬಂದ ಹಣವೆಲ್ಲ ವ್ಯಾಪಾರವೇ? – ತೆರಿಗೆ ಮತ್ತು ಲೆಕ್ಕ ತಪಾಸಣೆಯ ತಿಳಿವಳಿಕೆ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ವರ್ತಕ ಬಂಧುಗಳೇ, ನೇಕಾರ ಬಂಧುಗಳೇ,

2025ರ ಜುಲೈ ತಿಂಗಳಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯು.ಪಿ.ಐ. ಮೂಲಕ ಜಮೆಯಾದ ಹಣವನ್ನು ನೋಡಿ ರಾಜ್ಯದ ಅನೇಕ ಸಣ್ಣ ಅಂಗಡಿಗಳಿಗೆ ನೋಟೀಸು ಕಳುಹಿಸಿತು. ತರಕಾರಿ ಮಾರುವವರಿಗೂ ನೋಟೀಸು ಬಂದಿತು. ತಾಜಾ ತರಕಾರಿಗೆ ತೆರಿಗೆ ಇಲ್ಲ. ಆದರೆ ಬಂದ ಹಣ ಯಾವ ಸರಕಿನದೆಂದು ಫೋನು ಹೇಳಲಾರದು. ಅದನ್ನು ನಿಮ್ಮ ಲೆಕ್ಕದ ಪುಸ್ತಕವೇ ಹೇಳಬೇಕು. ಆದುದರಿಂದ ಕೆಳಗಿನ ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ದರ: 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಯಲ್ಲಿದೆ. ಇದರಲ್ಲಿ ಸರಕಿನ ರೂಪ ಬದಲಾದರೆ ದರವೂ ಬದಲಾಗಬಹುದು. ಬಿತ್ತನೆಯ ಶೇಂಗಾಕ್ಕೆ ತೆರಿಗೆ ಇಲ್ಲ. ಎಣ್ಣೆ ಗಿರಣಿಗೆ ಹೋಗುವ ಶೇಂಗಾಕ್ಕೂ ಅದರ ಎಣ್ಣೆಗೂ ಶೇಕಡ 5 ಉಂಟು. ರೇಷ್ಮೆಗೂಡಿಗೂ ಕಚ್ಚಾ ರೇಷ್ಮೆಗೂ ಇಲ್ಲ. ಹುರಿ ಮಾಡಿದ ನೂಲಿಗೂ ರೇಷ್ಮೆ ಸೀರೆಗೂ ಶೇಕಡ 5 ಉಂಟು.

ನೋಂದಣಿ: ತನ್ನ ಹೊಲದಲ್ಲಿ ಬೆಳೆದುದನ್ನು ಮಾರುವ ರೈತನಿಗೆ ನೋಂದಣಿ ಬೇಡ. ರಾಜ್ಯದೊಳಗೇ ಸರಕು ಮಾರುವ ವರ್ತಕನ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಬೇಕು. ತೆರಿಗೆ ಇಲ್ಲದ ಸರಕಿನ ಮಾರಾಟವೂ ಈ 40 ಲಕ್ಷದಲ್ಲಿ ಸೇರುತ್ತದೆಂಬುದನ್ನು ಮರೆಯಬಾರದು. ಆದರೆ ಅಂತಹ ಸರಕನ್ನು ಮಾತ್ರವೇ ಮಾರುವವರಿಗೆ ನೋಂದಣಿ ಬೇಡ. ರಾಯದುರ್ಗ ನಮಗೆ ಹತ್ತಿರವಾದರೂ ಆಂಧ್ರಕ್ಕೆ ಸೇರಿದ್ದು. ಹೊರರಾಜ್ಯದ ಮಾರಾಟಕ್ಕೆ ನಿಯಮಗಳು ಬೇರೆ. ಸರಕು ಕಳುಹಿಸುವ ಮೊದಲೇ ವಿಚಾರಿಸಿರಿ.

ಬಿಲ್ಲಿನ ಬೆಲೆ: ನೋಂದಣಿಯಾದ ನೇಕಾರರೊಬ್ಬರು 8,000 ರೂಪಾಯಿಯ ನೂಲು ಕೊಂಡು 400 ರೂಪಾಯಿ ತೆರಿಗೆ ಕೊಟ್ಟರೆಂದು ಇಟ್ಟುಕೊಳ್ಳಿ. ಸೀರೆಯನ್ನು 12,000ಕ್ಕೆ ಮಾರಿದಾಗ ಕೊಂಡವರಿಂದ 600 ರೂಪಾಯಿ ತೆರಿಗೆ ಪಡೆಯುತ್ತಾರೆ. ಮೊದಲು ಕೊಟ್ಟ 400ನ್ನು ಕಳೆದು ಸರ್ಕಾರಕ್ಕೆ 200 ಕಟ್ಟಿದರೆ ಸಾಕು. ನೂಲಿನ ಬಿಲ್ಲು ಇಲ್ಲದಿದ್ದರೆ 600 ರೂಪಾಯಿಯನ್ನೂ ಕಟ್ಟಬೇಕು. ಒಂದು ಸೀರೆಗೆ 400 ರೂಪಾಯಿ ನಷ್ಟ!

ತಪಾಸಣೆ: ನೋಂದಣಿಯಾದವರ ಲೆಕ್ಕವನ್ನು ಇಲಾಖೆಯವರು ತಪಾಸಣೆ ಮಾಡಬಹುದು. ಇದಕ್ಕೆ ಕನಿಷ್ಠ 15 ಕೆಲಸದ ದಿನಗಳ ಮುಂಚೆ ತಿಳಿವಳಿಕೆ ಪತ್ರ ಕೊಡಬೇಕು. ತಪಾಸಣೆ ಸಾಧಾರಣವಾಗಿ ಮೂರು ತಿಂಗಳಲ್ಲಿ ಮುಗಿಯಬೇಕು. ಮುಗಿದ ಮೇಲೆ ಕಂಡುಬಂದ ಸಂಗತಿಗಳನ್ನು 30 ದಿನಗಳೊಳಗೆ ನಿಮಗೆ ತಿಳಿಸಬೇಕು. ವಾರ್ಷಿಕ ಲೆಕ್ಕ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಪುಸ್ತಕ, ಬಿಲ್ಲುಗಳನ್ನು ಜೋಪಾನವಾಗಿಡಬೇಕು.

ಈಗ ಮಾಡಬೇಕಾದುದು: ದಿನದ ಪುಸ್ತಕದಲ್ಲಿ ಮೂರು ಕಲಂ ಹಾಕಿರಿ – ತೆರಿಗೆ ಇರುವ ಮಾರಾಟ, ತೆರಿಗೆ ಇಲ್ಲದ ಮಾರಾಟ, ವ್ಯಾಪಾರವಲ್ಲದ ಹಣ. ಮಗ ಊರಿಂದ ಕಳುಹಿಸಿದ್ದು, ನೆಂಟರು ತೀರಿಸಿದ ಕೈಸಾಲ, ಚೀಟಿಯ ಹಣ ಮೂರನೆಯ ಕಲಮಿಗೆ ಸೇರಲಿ. ನೋಟೀಸು ಬಂದರೆ ಅದನ್ನು ಮಡಿಸಿಡದೆ, ಅದರಲ್ಲಿರುವ ಕೊನೆಯ ದಿನದೊಳಗೆ ಪುಸ್ತಕ ತೋರಿಸಿ ಲಿಖಿತ ಉತ್ತರ ಕೊಡಿರಿ. ಓದು ಬಾರದ ನೆರೆಯವರಿಗೆ ಇದನ್ನು ಓದಿ ಹೇಳಿರಿ.