ಚಟ ಬಿಟ್ಟವರಿಗೆ ಭ್ರಮಾಜನಕ ಮದ್ದು ಬೇಕೆ?

ಕುಡಿತ ಬಿಟ್ಟು ಎಂಟು-ಹತ್ತು ವರ್ಷ ಕಳೆದಿರುತ್ತದೆ. ಮನೆಯವರೂ ನೆಮ್ಮದಿಯಿಂದ ಇರುತ್ತಾರೆ. ಆದರೆ ಚಟ ಬಿಟ್ಟ ಮಾತ್ರಕ್ಕೆ ಎಲ್ಲರ ಮನಸ್ಸೂ ಹಗುರವಾಗುವುದಿಲ್ಲ. ಖಿನ್ನತೆ, ನಿದ್ರಾಹೀನತೆ, ಹಳೆಯ ನೋವುಗಳು ಕೆಲವರನ್ನು ಕಾಡುತ್ತಲೇ ಇರುತ್ತವೆ. ಅಣಬೆಯಲ್ಲಿರುವ ಸೈಲೊಸಿಬಿನ್, ಎಲ್‌ಎಸ್‌ಡಿ ಮುಂತಾದ ಭ್ರಮಾಜನಕ ದ್ರವ್ಯಗಳಿಂದ ಖಿನ್ನತೆಯೂ ಚಟವೂ ವಾಸಿಯಾಗುತ್ತವೆ ಎಂಬ ಸುದ್ದಿ ಓದಿದಾಗ ಅಂಥವರಿಗೆ ‘ನಾನೂ ಒಮ್ಮೆ ನೋಡಿದರೇನು?’ ಎನಿಸುವುದು ಸಹಜ. ನಿಮ್ಮ ಮನೆಯಲ್ಲಿ ಚಟದಿಂದ ಹೊರಬಂದವರಿದ್ದರೆ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಇದು ಹೊಸ ವಿಚಾರವೇ?

ಅಲ್ಲ. 1950ರ ದಶಕದಲ್ಲೇ ಕೆನಡಾದ ಸಸ್ಕಾಚೆವಾನ್ ಪ್ರಾಂತದಲ್ಲಿ ಹಂಫ್ರಿ ಆಸ್ಮಂಡ್ ಮತ್ತು ಅಬ್ರಾಮ್ ಹಾಫರ್ ಎಂಬ ವೈದ್ಯರು ಮದ್ಯವ್ಯಸನಿಗಳಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದ್ದರು. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಸ್ಥಾಪಕರಲ್ಲೊಬ್ಬರಾದ ಬಿಲ್ ವಿಲ್ಸನ್ ಕುಡಿತ ಬಿಟ್ಟದ್ದು 1934ರಲ್ಲಿ. ಅನಂತರ ಅವರನ್ನು ಖಿನ್ನತೆ ಬಹುಕಾಲ ಬಾಧಿಸಿತು. 1956ರಲ್ಲಿ ಅವರು ತಜ್ಞರ ಮೇಲ್ವಿಚಾರಣೆಯಲ್ಲಿ ಎಲ್‌ಎಸ್‌ಡಿ ತೆಗೆದುಕೊಂಡು, ಅದರಿಂದ ತಮಗೆ ಒಳಿತಾಯಿತೆಂದು ನಂಬಿದರು. ಸಂಘದೊಳಗೆ ಇದಕ್ಕೆ ವಿರೋಧವೂ ಎದ್ದಿತು. 1971ರಲ್ಲಿ ಸಾಯುವವರೆಗೂ ಅವರು ಮತ್ತೆ ಕುಡಿಯಲಿಲ್ಲ. ಆದರೆ ಒಬ್ಬರಿಗೆ ಆದದ್ದು ಎಲ್ಲರಿಗೂ ಆಗುತ್ತದೆ ಎನ್ನಲು ಬಾರದು.

ಸಂಶೋಧನೆ ಏನು ಹೇಳುತ್ತದೆ?

ಎಲ್‌ಎಸ್‌ಡಿ ಬಗೆಗಿನ ಆರು ಹಳೆಯ ಪ್ರಯೋಗಗಳನ್ನು, ಒಟ್ಟು 536 ಮಂದಿಯ ವಿವರಗಳನ್ನು, 2012ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಲಾಯಿತು. ಎಲ್‌ಎಸ್‌ಡಿ ಪಡೆದವರಲ್ಲಿ ಶೇ 59, ಉಳಿದವರಲ್ಲಿ ಶೇ 38 ಮಂದಿಯಲ್ಲಿ ಸುಧಾರಣೆ ಕಂಡಿತ್ತು. ಆದರೆ ಒಂದು ವರ್ಷ ಕಳೆಯುವ ಹೊತ್ತಿಗೆ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಉಳಿದಿರಲಿಲ್ಲ.

2022ರಲ್ಲಿ ಪ್ರಕಟವಾದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡದ ಅಧ್ಯಯನದಲ್ಲಿ 93 ಮದ್ಯವ್ಯಸನಿಗಳಿದ್ದರು. ಒಂದು ಗುಂಪಿಗೆ ಎರಡು ಸಲ ಸೈಲೊಸಿಬಿನ್ ಕೊಟ್ಟರು; ಇನ್ನೊಂದು ಗುಂಪಿಗೆ ಅಲರ್ಜಿಗೆ ಬಳಸುವ ಔಷಧಿ ಕೊಟ್ಟರು. ಎರಡೂ ಗುಂಪಿಗೆ 12 ವಾರ ಆಪ್ತಸಲಹೆ ನಡೆಯಿತು. 32 ವಾರಗಳಲ್ಲಿ ವಿಪರೀತ ಕುಡಿದ ದಿನಗಳು ಮೊದಲ ಗುಂಪಿನಲ್ಲಿ ಶೇ 9.7, ಎರಡನೆಯದರಲ್ಲಿ ಶೇ 23.6. ಇದು ಆಶಾದಾಯಕ ಫಲಿತಾಂಶವೇ ಸರಿ.

ಆದರೆ ಒಂದು ಮುಖ್ಯ ಸಂಗತಿಯನ್ನು ಗಮನಿಸಿ. ಈ ಅಧ್ಯಯನಕ್ಕೆ ಸೇರಿದವರು ಆಗಿನ್ನೂ ಕುಡಿಯುತ್ತಿದ್ದವರು. ಹತ್ತು ವರ್ಷದಿಂದ ತೊಟ್ಟೂ ಮುಟ್ಟದವರ ಬಗ್ಗೆ ಈ ಅಂಕಿಗಳು ಏನನ್ನೂ ಹೇಳುವುದಿಲ್ಲ. ಕುಡಿಯುತ್ತಿರುವವರಿಗೆ ಕುಡಿತ ತಗ್ಗಿದರೆ ಅದು ಲಾಭ. ಈಗಾಗಲೇ ಬಿಟ್ಟವರಿಗೆ ಹಾಗಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ಗಳಿಸಿದ್ದನ್ನೇ ಅವರು ಪಣಕ್ಕೆ ಒಡ್ಡಬೇಕಾಗುತ್ತದೆ.

ಅಪಾಯ ಎಲ್ಲಿದೆ?

ಸೈಲೊಸಿಬಿನ್ ಮತ್ತು ಎಲ್‌ಎಸ್‌ಡಿ ಮದ್ಯದ ಹಾಗೆ ಅಥವಾ ಅಫೀಮಿನ ಹಾಗೆ ದೇಹಕ್ಕೆ ಅಂಟಿಕೊಳ್ಳುವ ಚಟವಲ್ಲ. ಆತಂಕ ಇರುವುದು ಬೇರೆ ಕಡೆ.

ಮೊದಲನೆಯದು ಮನಸ್ಸಿನ ಕಟ್ಟುಪಾಡು. ‘ಅಮಲಿನ ಯಾವ ವಸ್ತುವನ್ನೂ ಮುಟ್ಟುವುದಿಲ್ಲ’ ಎಂಬ ನಿಯಮವೇ ಎಷ್ಟೋ ಜನರನ್ನು ಕಾಯುತ್ತಿರುತ್ತದೆ. ಅದು ಒಮ್ಮೆ ಸಡಿಲವಾದರೆ, ‘ಹೇಗೂ ವ್ರತ ಮುರಿಯಿತು, ಇನ್ನೇನು’ ಎಂಬ ಭಾವನೆ ಬರಬಹುದು. ಮೊದಲ ತಪ್ಪು ಹೆಜ್ಜೆಗಿಂತ ಈ ಭಾವನೆಯೇ ಪೂರ್ತಿ ಜಾರುವಂತೆ ಮಾಡಬಲ್ಲದೆಂದು ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ವಿವರಿಸಿದ್ದರು.

ಎರಡನೆಯದು ಔಷಧಿ. ಖಿನ್ನತೆಯ ಮಾತ್ರೆ ನುಂಗುತ್ತಿರುವವರು ಈ ಪ್ರಯೋಗಕ್ಕಾಗಿ ಅದನ್ನು ತಾವಾಗಿ ನಿಲ್ಲಿಸಿದರೆ ಖಿನ್ನತೆ ಮರಳಬಹುದು. ಅದರ ಬೆನ್ನಿಗೇ ಕುಡಿತವೂ ಮರಳಬಹುದು. ಲಿಥಿಯಂ ಸೇವಿಸುವವರು ಸೈಲೊಸಿಬಿನ್ ಅಥವಾ ಎಲ್‌ಎಸ್‌ಡಿ ತೆಗೆದುಕೊಂಡರೆ ಸೆಳವು ಬರುವ ಭಯವಿದೆ.

ಮೂರನೆಯದು ಮನೆತನದ ಕಾಯಿಲೆ. ಸ್ಕಿಜೊಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆ ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಇರುವವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ.

ಕೆಟಮಿನ್ ವಿಷಯವೇ ಬೇರೆ

ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಗೆ ಬಳಸುವ ಕೆಟಮಿನ್ ಅನ್ನು ತೀವ್ರ ಖಿನ್ನತೆಗೂ ಕೊಡುವುದುಂಟು. ಆದರೆ ಅದು ತಾನೇ ಚಟ ಹತ್ತಿಸಬಲ್ಲದು. ಬಹಳ ಕಾಲ ಬಳಸಿದರೆ ಮೂತ್ರಕೋಶ ಕೆಡುತ್ತದೆ. ಅಮೆರಿಕದ ನಟ ಮ್ಯಾಥ್ಯೂ ಪೆರಿ ಮದ್ಯ ಮತ್ತು ನೋವುನಿವಾರಕಗಳ ಚಟದೊಡನೆ ವರ್ಷಗಟ್ಟಲೆ ಹೋರಾಡಿದವರು. ಖಿನ್ನತೆಗಾಗಿ ಅವರು ವೈದ್ಯರಿಂದ ಕೆಟಮಿನ್ ಪಡೆಯುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡಾಗ ಅವರ ರಕ್ತದಲ್ಲಿದ್ದ ಕೆಟಮಿನ್ ಚಿಕಿತ್ಸೆಯದಲ್ಲ, ಬೇರೆ ದಾರಿಯಿಂದ ಬಂದದ್ದು ಎಂದು ತನಿಖೆಯಿಂದ ತಿಳಿಯಿತು. 2024ರಲ್ಲಿ ಇಬ್ಬರು ವೈದ್ಯರು ಸೇರಿ ಐವರ ಮೇಲೆ ಮೊಕದ್ದಮೆ ಹೂಡಲಾಯಿತು. ಚಿಕಿತ್ಸೆ ಎಲ್ಲಿ ಮುಗಿಯಿತು, ಚಟ ಎಲ್ಲಿ ಶುರುವಾಯಿತು ಎಂಬುದು ಚಟವಿದ್ದವರಿಗೆ ಬೇಗ ತಿಳಿಯುವುದಿಲ್ಲ.

ನೀವು ಏನು ಮಾಡಬಹುದು?

• ಎಲ್‌ಎಸ್‌ಡಿ, ಸೈಲೊಸಿಬಿನ್‌ಗಳಿಗೆ ಭಾರತದಲ್ಲಿ ಚಿಕಿತ್ಸೆಯಾಗಿ ಮಾನ್ಯತೆ ಇಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಇವನ್ನು ಇಟ್ಟುಕೊಳ್ಳುವುದೂ ಅಪರಾಧ. ಪ್ರವಾಸಿ ತಾಣಗಳಲ್ಲಿ ಗುಟ್ಟಾಗಿ ಮಾರುವ ಅಣಬೆಯನ್ನು ಔಷಧಿ ಎಂದು ನಂಬಬೇಡಿ.

• ಚಟ ಬಿಟ್ಟವರು ಯಾವ ವೈದ್ಯರ ಬಳಿ ಹೋದರೂ, ಹಲ್ಲಿನ ವೈದ್ಯರಾದರೂ ಸರಿ, ಹಳೆಯ ಚಟದ ವಿಷಯ ಮುಚ್ಚಿಡಬಾರದು.

• ಇಂಥ ಯೋಚನೆಯನ್ನು ಅವರು ನಿಮ್ಮೆದುರು ಹೇಳಿಕೊಂಡರೆ ಬೈಯಬೇಡಿ, ಹಂಗಿಸಬೇಡಿ. ಮನಸ್ಸಿನ ನೋವಿಗೆ ಅವರು ಪರಿಹಾರ ಹುಡುಕುತ್ತಿದ್ದಾರೆ ಎಂದೇ ತಿಳಿಯಿರಿ. ಆ ನೋವಿಗೆ ಮನೋವೈದ್ಯರಲ್ಲಿ ಪರೀಕ್ಷಿತ ಔಷಧಿಗಳೂ ಆಪ್ತಸಲಹೆಯೂ ಇವೆ.

• ಜಾರಿದ್ದು ಗೊತ್ತಾದರೆ ತಡಮಾಡಬೇಡಿ. ಅಫೀಮು ಜಾತಿಯ ವಸ್ತುಗಳನ್ನು ಬಹುಕಾಲ ಬಿಟ್ಟಿದ್ದವರ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಇರುವುದಿಲ್ಲ; ಉಸಿರೇ ನಿಲ್ಲಬಹುದು.

• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು.

ಮುಂದೊಂದು ದಿನ ಈ ದ್ರವ್ಯಗಳು ನಿಜವಾಗಿಯೂ ಔಷಧಿಗಳಾಗಬಹುದು. ಅಲ್ಲಿಯವರೆಗೆ, ಚಟ ಬಿಟ್ಟವರು ಇವನ್ನು ತಮ್ಮ ಮೇಲೆ ತಾವೇ ಪ್ರಯೋಗಿಸಿಕೊಳ್ಳದಿರುವುದೇ ಕ್ಷೇಮ.