ಎಂಜಿನ್ ಬಿಚ್ಚುವ ಮುನ್ನ: ಅಳಿಯದ ಗುರುತು ಯಾವುದು?



ದಿಬ್ಬೂರಹಳ್ಳಿ ಸುತ್ತಮುತ್ತ ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ, ಬಾವಿಕಟ್ಟೆಯ ಡೀಸೆಲ್ ಎಂಜಿನ್‌ಗಳಿಗೆ ನೀರೆತ್ತುವ ಕೆಲಸ ತಪ್ಪಿತು. ಮಾರದೆ ಉಳಿಸಿಕೊಂಡ ಕೆಲವರು ಅವನ್ನು ಮೇವು ಕತ್ತರಿಸುವ ಯಂತ್ರಕ್ಕೆ ಜೋಡಿಸಿಕೊಂಡಿದ್ದಾರೆ. ಹಾಲು ಶೀತಲೀಕರಣ ಘಟಕವಿರುವ ಸಂಘಗಳಲ್ಲಿ ಕರೆಂಟ್ ಹೋದಾಗ ಹಾಲನ್ನು 4 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯುವುದು ಜನರೇಟರಿನ ಎಂಜಿನ್. ಇಂತಹ ಎಂಜಿನ್ ಬಿಚ್ಚಿದಾಗ ಯಾವ ಭಾಗ ಎಲ್ಲಿಯದೆಂದು ಗುರುತಿಸುವ ಕ್ರಮವನ್ನು ಇಲ್ಲಿ ತಿಳಿಸಲಾಗಿದೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಮ್ಮ ಮನೆಯ ಎರಡು ಸಿಲಿಂಡರ್ ಎಂಜಿನ್ ಬಿಚ್ಚುವಾಗ ಮಗನ ಶಾಲೆಯ ಚೀಲದಿಂದ ಮಾರ್ಕರ್ ಪೆನ್ನು ತೆಗೆದು ಕನೆಕ್ಟಿಂಗ್ ರಾಡ್‌ಗಳ ಮೇಲೆ ಒಂದು, ಎರಡು ಎಂದು ಬರೆದೆ. ಸೀಮೆಎಣ್ಣೆಯಲ್ಲಿ ತೊಳೆದು ತೆಗೆದರೆ ಒಂದೂ ಇಲ್ಲ, ಎರಡೂ ಇಲ್ಲ! ಅಂದಾಜಿನ ಮೇಲೆ ಕಟ್ಟಿದೆ, ಕ್ಯಾಪ್‌ಗಳು ಅದಲುಬದಲಾದವು. ಮೂರನೆಯ ದಿನ ಬೇರಿಂಗ್ ಹಿಡಿದು ಎಂಜಿನ್ ನಿಂತಿತು. ವಾರಪೂರ್ತಿ ಮನೆಯವರೆಲ್ಲ ಕುಡುಗೋಲಿನಿಂದ ಜೋಳದ ದಂಟು ಕತ್ತರಿಸಿದೆವು.

ರಾಡ್ ಮತ್ತು ಕ್ಯಾಪ್ ಎರಡನ್ನೂ ಒಟ್ಟಿಗೆ ಬಿಗಿದು ರಂಧ್ರ ಕೊರೆದಿರುತ್ತಾರೆ. ಆದ್ದರಿಂದ ಒಂದರ ಕ್ಯಾಪ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಒಂದೇ ಸಿಲಿಂಡರ್ ಇದ್ದರೂ ಕ್ಯಾಪ್ ತಿರುಗುಮುರುಗಾಗಬಾರದು.

ಪರ್ಮನೆಂಟ್ ಎಂದು ಬರೆದಿದ್ದರೂ ಸಾಮಾನ್ಯ ಮಾರ್ಕರ್ ಪೆನ್ನಿನ ಶಾಯಿ ಕಾಗದ, ಪ್ಲಾಸ್ಟಿಕ್‌ಗೆ ಸರಿ. ಎಣ್ಣೆ ಹತ್ತಿದ ಕಬ್ಬಿಣಕ್ಕೆ ಅದು ಅಂಟುವುದಿಲ್ಲ. ಪೆಟ್ರೋಲ್, ಥಿನ್ನರ್ ತಾಗಿದರೆ ಅಂಟಿದ್ದೂ ಹೋಗುತ್ತದೆ. ಸೀಮೆಸುಣ್ಣದ ಗುರುತು ಬಟ್ಟೆ ಸೋಕುವವರೆಗೆ ಮಾತ್ರ.

ಇದಕ್ಕಿಂತ ಪೇಂಟ್ ಮಾರ್ಕರ್ ಎಷ್ಟೋ ಮೇಲು. ಅಲ್ಲಾಡಿಸಿದರೆ ಒಳಗೆ ಗುಂಡು ಸದ್ದು ಮಾಡುವ, ಎಣ್ಣೆ ಬಣ್ಣದ ಪೆನ್ನು ಅದು. ಬಿಳಿ ಅಥವಾ ಹಳದಿ ಕೊಳ್ಳಿರಿ, ಮಸಿ ಹಿಡಿದ ಎಂಜಿನ್ ಮೇಲೆ ಕಪ್ಪು ಕಾಣದು. ಗುರುತಿಡುವ ಜಾಗವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಬರೆದು, ಪೂರ್ತಿ ಒಣಗಲು ಬಿಡಿರಿ. ಆಮೇಲೆ ಸೀಮೆಎಣ್ಣೆ, ಡೀಸೆಲ್ ತೊಳೆತವನ್ನು ಬಹುಮಟ್ಟಿಗೆ ತಡೆಯುತ್ತದೆ, ಥಿನ್ನರನ್ನು ತಡೆಯದು. ಸೈಲೆನ್ಸರ್ ಬಳಿ ಸುಟ್ಟುಹೋಗುತ್ತದೆ. ಪೇಂಟ್ ಪೆನ್ನು ಸಿಗದಿದ್ದರೆ ಹೆಣ್ಣುಮಕ್ಕಳ ಉಗುರುಬಣ್ಣವೂ ಆದೀತು. ಯಾವುದೇ ಆಗಲಿ, ಮೊದಲು ಗುಜರಿಯ ಕಬ್ಬಿಣದ ಮೇಲೆ ಬರೆದು, ನೀವು ತೊಳೆಯುವ ಎಣ್ಣೆಯಲ್ಲೇ ಬ್ರಷ್‌ನಿಂದ ಉಜ್ಜಿ ನೋಡಿರಿ.

ಶಾಶ್ವತ ಗುರುತು ಬೇಕಾದರೆ ಪಂಚ್. ಒಂದನೆಯ ಸಿಲಿಂಡರಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು. ಸೇರುವ ಗೆರೆಯ ಅಕ್ಕಪಕ್ಕ ರಾಡ್‌ಗೂ ಕ್ಯಾಪ್‌ಗೂ ಒಂದೇ ಬದಿಯಲ್ಲಿ, ಬಿಚ್ಚುವ ಮೊದಲೇ ಹಗುರವಾಗಿ ತಟ್ಟಬೇಕು. ಕಾರ್ಖಾನೆಯವರೇ ಸಂಖ್ಯೆ ಒತ್ತಿದ್ದರೆ ಅದೇ ಸಾಕು, ಮೊದಲು ಒರೆಸಿ ಹುಡುಕಿರಿ. ರಾಡಿನ ನಡುಕಾಂಡ, ಬೇರಿಂಗ್ ಚಿಪ್ಪು, ಕ್ರ್ಯಾಂಕಿನ ಉಜ್ಜುವ ಭಾಗ, ಗ್ಯಾಸ್ಕೆಟ್ ಕೂರುವ ಮುಖ ಇವುಗಳ ಮೇಲೆ ಪಂಚ್ ತಾಗಿಸಲೇಬಾರದು. ಒತ್ತಡ ಬೀಳುವೆಡೆಯ ಚುಕ್ಕೆಯಿಂದ ಬಿರುಕು ಶುರುವಾಗಬಹುದು. ಹೊಸ ಎಂಜಿನ್‌ಗಳಲ್ಲಿ ರಾಡನ್ನು ಬೇಕೆಂದೇ ಸೀಳಿ ಮುರಿದು ಕ್ಯಾಪ್ ಮಾಡಿರುವುದುಂಟು. ಅದಕ್ಕೆ ಪಂಚ್ ಬೇಡ, ಬಣ್ಣ ಸಾಕು. (ವಿಮಾನದ ಜೆಟ್ ಎಂಜಿನ್‌ನ ಬಿಸಿ ಭಾಗಗಳ ಮೇಲೆ ಸೀಸದ ಕಡ್ಡಿಯಿಂದ ಬರೆಯುವುದಕ್ಕೂ ನಿಷೇಧವಿದೆ. ಕಾದಾಗ ಅದರ ಇಂಗಾಲ ಲೋಹವನ್ನು ಕೆಡಿಸಿ ಬಿರುಕಿಗೆ ದಾರಿಮಾಡುತ್ತದಂತೆ!)

ಒಂದನೆಯ ಸಿಲಿಂಡರ್ ಯಾವ ಕಡೆಯದು? ಕೆಲವರು ಫ್ಯಾನ್ ಕಡೆಯಿಂದ ಎಣಿಸುತ್ತಾರೆ, ಕೆಲವರು ಫ್ಲೈವ್ಹೀಲ್ ಕಡೆಯಿಂದ. ಎಣಿಕೆ ಎಲ್ಲಿಂದ ಎಂಬುದನ್ನು ಚೀಟಿಯಲ್ಲಿ ಬರೆದಿಡಿರಿ. ಶಿಡ್ಲಘಟ್ಟಕ್ಕೋ ಚಿಂತಾಮಣಿಗೋ ಒಯ್ದು ಬೇರೆಯವರ ಕೈಯಲ್ಲಿ ಕಟ್ಟಿಸುವಾಗ ಆ ಚೀಟಿಯನ್ನೂ ಕೊಡಿರಿ.

ವಾಲ್ವ್, ಪುಶ್‌ರಾಡ್‌ಗಳಿಗೆ ಗುರುತೇ ಬೇಡ. ರಟ್ಟಿಗೆ ತೂತು ಮಾಡಿ, ತೂತಿನ ಪಕ್ಕ ಸಂಖ್ಯೆ ಬರೆದು ಸಿಕ್ಕಿಸಿಡಿರಿ; ತೊಳೆಯುವಾಗ ಒಂದೊಂದನ್ನೇ ತೆಗೆದು ಅಲ್ಲಿಗೇ ಮರಳಿಸಿರಿ. ಸಣ್ಣ ಭಾಗಗಳಿಗೆ ಅಲ್ಯೂಮಿನಿಯಂ ತಗಡಿನ ಚೂರಿಗೆ ಸಂಖ್ಯೆ ಕೊರೆದು ತಂತಿಯಿಂದ ಕಟ್ಟಿದರೆ ಸೀಮೆಎಣ್ಣೆ ತೊಟ್ಟಿಯಲ್ಲೂ ಉಳಿಯುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಹಾಕಬೇಡಿರಿ, ಅಲ್ಯೂಮಿನಿಯಂ ಕರಗುತ್ತದೆ.

ಹಾಲು ಕರೆಯುವ ಯಂತ್ರವಿದ್ದವರು ವ್ಯಾಕ್ಯೂಮ್ ಪಂಪಿನ ಹೊರಕವಚಕ್ಕೆ ಪೇಂಟ್ ಗುರುತು ಹಾಕಬಹುದು. ಹಾಲು ತಾಗುವ ಬಕೆಟ್, ಕೊಳವೆ, ಮೊಲೆಬಟ್ಟಲುಗಳ ಒಳಮೈಗೆ ಯಾವ ಬಣ್ಣವೂ ತಾಗಕೂಡದು.